ಆಯಿಗೆ, ಎದೆಯ ಕಲ್ಲಿನ ವಿಷಯ

ನಗೋಯಾ, ಜಪಾನ್, ಮಂಗಳವಾರ ಬೆಳಗ್ಗೆ

ಆಯಿ, ಅಪ್ಪಯ್ಯ, ನಮಸ್ಕಾರ. ನಾನು ಆರಾಮ.

ಆಯಿ, ನಿನ್ನ ಪತ್ರ ಬಂತು. ಎರಡು ಪುಟದ ತುಂಬ ಬರೀ ‘ಎದೆಯಲ್ಲಿ ಗಡ್ಡೆ’. ರಿಪೋರ್ಟಿನ ಫೋಟೋ ತಮ್ಮನಿಗೆ ಕಳಿಸಿದ್ದು ನನ್ನದೇ ತಪ್ಪು, ಅವನು ಅರ್ಧ ಓದಿ ನಿನಗೆ ಹೇಳಿದ. ಅದು ಕ್ಯಾನ್ಸರ್ ಅಲ್ಲ. ಉಳಿದದ್ದನ್ನು ಊಟ ಮಾಡಿ ನಿಧಾನಕ್ಕೆ ಓದು.

ಇಲ್ಲಿ ಕಂಪನಿಯವರೇ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು, ಕಾನೂನೇ ಇದೆ. ಹೊಟ್ಟೆಯ ಎಕ್ಸ್‌ರೇಗೆ ಅಂತ ಸುಣ್ಣದ ನೀರಿನಂಥ ಬೇರಿಯಂ ಕುಡಿಸಿ, ಮೇಜಿನ ಮೇಲೆ ಉಲ್ಟಾಪಲ್ಟಾ ಮಾಡಿ, ತೇಗಬೇಡಿ ಅಂತಾರೆ! ನಮ್ಮ ಶಿರಸಿಯಲ್ಲಿ ಹೊಟ್ಟೆನೋವು ಬಂದರೂ ಯಾರು ಇಷ್ಟು ಮಾಡ್ತಾರೆ ಹೇಳು. ಆಗಲೇ ಎದೆಯ ಎಕ್ಸ್‌ರೇಯಲ್ಲಿ ಎಡಗಡೆ ಒಂದು ಚುಕ್ಕೆ ಕಂಡಿತು. ಸಿಟಿ ಸ್ಕ್ಯಾನ್ ಮಾಡಿದರೆ 8 ಮಿಲಿಮೀಟರ್, ದಪ್ಪ ಕಾಳುಮೆಣಸಿಗಿಂತ ಸ್ವಲ್ಪ ಜಾಸ್ತಿ. ಎರಡು ರಾತ್ರಿ ನನಗೂ ನಿದ್ದೆ ಬರಲಿಲ್ಲ, ಈಗ ಹೇಳಬಹುದು.

ಆಮೇಲೆ ದೊಡ್ಡ ಡಾಕ್ಟರು ಹಿಂದಿನ ವರ್ಷದ ಎಕ್ಸ್‌ರೇ ಹುಡುಕಿಸಿದರು. ಅದರಲ್ಲೂ ಚುಕ್ಕೆ ಇತ್ತು, ಅಷ್ಟೇ ದೊಡ್ಡದು, ಜಾಗ ಮಾತ್ರ ಬೇರೆ. ಕವುಚಿ ಮಲಗಿಸಿ ಇನ್ನೊಮ್ಮೆ ಸಿಟಿ ತೆಗೆದರು. ಅಂಗಾತ ಮಲಗಿದಾಗ ಬೆನ್ನ ಕಡೆ ಇದ್ದದ್ದು ಈಗ ಮುಂದಕ್ಕೆ ಜಾರಿತ್ತು! ಅಟ್ಟದ ಮೇಲಿನ ಒಣಗಾಯಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಟಲೊಟ ಅನ್ನುತ್ತಲ್ಲ, ಹಾಗೆ. ಶಬ್ದ ಇಲ್ಲ ಅಷ್ಟೆ. ಶ್ವಾಸಕೋಶದ ಒಳಗೆ ಬೆಳೆದ ಗಡ್ಡೆ ಹೀಗೆ ಓಡಾಡುವುದಿಲ್ಲ. ಇದು ಇರುವುದು ಶ್ವಾಸಕೋಶಕ್ಕೂ ಪಕ್ಕೆಲುಬಿಗೂ ನಡುವಿನ ಸಂದಿಯಲ್ಲಿ, ಯಾವುದಕ್ಕೂ ಅಂಟಿಕೊಳ್ಳದೆ. ಥೊರಾಕೊಲಿಥಿಯಾಸಿಸ್ ಅಂತ ಹೆಸರು, ಎದೆಗೂಡಿನ ಕಲ್ಲು. ಹೃದಯದ ಸುತ್ತಲಿನ ಕೊಬ್ಬಿನ ಒಂದು ಚೂರು ರಕ್ತ ಸಿಗದೆ ಕಳಚಿಬಿದ್ದು, ಮೇಲೆ ಗಟ್ಟಿ ಪೊರೆ ಕಟ್ಟಿ ಹೀಗಾಗಿರಬಹುದು ಅಂದರು. ಬಹಳ ಅಪರೂಪವಂತೆ. ಡಾಕ್ಟರಿಗೆ ಖುಷಿಯೋ ಖುಷಿ, ಕಲಿಯುವ ಹುಡುಗರನ್ನೆಲ್ಲ ಕರೆದು ತೋರಿಸಿದರು.

ಆಪರೇಷನ್ ಬೇಡ, ಮಾತ್ರೆಯೂ ಇಲ್ಲ. ದೊಡ್ಡಪ್ಪ ಹೇಳಿದ ಬಾಳೆದಿಂಡಿನ ರಸ ಕಿಡ್ನಿ ಕಲ್ಲಿಗೆ, ಎದೆಗೆ ಹೋಗುವ ದಾರಿ ಅದಕ್ಕೆ ಗೊತ್ತಿಲ್ಲ. ಮಣಿಪಾಲದಲ್ಲಿ ತೋರಿಸೋಣ ಬಾ ಅಂತ ಸುಮ್ನೆ ಗಡಿಬಿಡಿ ಮಾಡಬೇಡಿ. ಮಾರಿಕಾಂಬೆಗೆ ಉಡಿ ತುಂಬುವುದಾದರೆ ತುಂಬು, ಉಪವಾಸ ಬೇಡ, ನಿನಗೆ ಶುಗರ್ ಇದೆ. ನಿಜವಾಗ್ಲೂ ಆರಾಮಿದ್ದೇನೆ. ಕೆಮ್ಮಿಲ್ಲ, ನೋವಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರೂ ಇಲ್ಲ, ನಿನ್ನೆ ತಂಬುಳಿ ಮಾಡಿಕೊಂಡು ಮೂರು ಸಲ ಅನ್ನ ಬಡಿಸಿಕೊಂಡೆ.

ಇವತ್ತು ಪ್ಲಾಸ್ಟಿಕ್ ಕಸದ ದಿನ, 8 ಗಂಟೆಯೊಳಗೆ ಇಡದಿದ್ದರೆ ಪಕ್ಕದ ಮನೆ ಅಜ್ಜಿ ಬಾಗಿಲು ತಟ್ಟುತ್ತಾರೆ. ಓಡಿದೆ. ಹುಡುಗಿ ಮನೆಯವರಿಗೆ ಕಲ್ಲಿನ ವಿಷಯ ನಾನೇ ಹೇಳುತ್ತೇನೆ, ತಮ್ಮ ಹೇಳುವುದು ಬೇಡ.

ನಿನ್ನ
ಗಣು