ಯಾವ ಮಾತ್ರೆ?

ಪ್ರೀತಿಯ ವಕೀಲ ಸಾಹೇಬಾ,

ಛತ್ರಿ ಇನ್ನೂ ನನ್ನ ಹತ್ತಿರವೇ ಇದೆ. (ಯಾವ ಛತ್ರಿ ಅಂತ ಉಳಿದವರು ಕೇಳಬೇಡಿ, ಹೇಳಿದರೆ ಇವನ ಸನದು ಹೋಗುತ್ತದೆ.)

ನೀನು ಹೇಳಿದ ಆ ಮಾರ್ಡಂಟ್ ಕೇಸನ್ನು ಸುಮ್ನೆ ತಮಾಷೆಗೆ ಓದಲು ಕೂತೆ. ತಮಾಷೆಯೂ ಇದೆ, ಇಲ್ಲವೆನ್ನುವುದಿಲ್ಲ. 1870ರ ಫೆಬ್ರವರಿ, ಲಂಡನ್. ಮುಂದೆ ಏಳನೇ ಎಡ್ವರ್ಡ್ ಆದ ಯುವರಾಜ ವಿಚ್ಛೇದನದ ಕೇಸಿನಲ್ಲಿ ಸಾಕ್ಷಿ ಹೇಳಲು ಬರುತ್ತಾನೆ. ವಿಚ್ಛೇದನ ಕೇಳಿದವನ ಹೆಂಡತಿ ಹ್ಯಾರಿಯೆಟ್ ಮಾರ್ಡಂಟ್ ಜೊತೆ ಸಂಬಂಧ ಇತ್ತಾ? ಇಲ್ಲ ಅನ್ನುತ್ತಾನೆ. ಕೋರ್ಟಿನಲ್ಲಿ ಚಪ್ಪಾಳೆ! ಅವನು ಅವಳಿಗೆ ಬರೆದ ಕಾಗದಗಳು ಪೇಪರಿನಲ್ಲೂ ಬಂದವು. ಬರೀ ಕುಶಲೋಪರಿ. ನಮ್ಮ ಹಾಸ್ಟೆಲ್ ಕಾಗದಗಳೇ ಜಾಸ್ತಿ ಅಪಾಯ ಕಣೋ.

ಆಮೇಲೆ ಓದುತ್ತಾ ಹ್ಯಾರಿಯೆಟ್ ಕಥೆಗೆ ಬಂದೆ. 1869ರಲ್ಲಿ ಅವಳಿಗೆ 21. ಆಗಷ್ಟೇ ಹುಟ್ಟಿದ ಮಗುವಿನ ಕಣ್ಣಿಗೆ ಸೋಂಕು. ತನ್ನ ಪಾಪದಿಂದಲೇ ಹೀಗಾಯಿತು ಅಂತ ಹೆದರಿ ಗಂಡನ ಮುಂದೆ ಎಲ್ಲ ಒಪ್ಪಿಕೊಂಡಳು. ಹೆಸರು ಹೇಳಿದಳು, ಯುವರಾಜನದೂ ಸೇರಿಸಿ. ಹಾಡಹಗಲೇ ನಡೆದದ್ದು ಅಂದಳು. ಗಂಡ ಸರ್ ಚಾರ್ಲ್ಸ್ ಕೋರ್ಟಿಗೆ ಹೋದ.

ಆಗಿನ ಕಾನೂನು ನಿನಗೆ ಗೊತ್ತಲ್ಲ. ಹೆಂಡತಿ ದಾರಿ ತಪ್ಪಿದಳು ಅಂತ ತೋರಿಸಿದರೆ ಗಂಡನಿಗೆ ಸಾಕು. ಹೆಂಡತಿಗೆ ಅಷ್ಟೇ ಸಾಲದು, ಅದರ ಮೇಲೆ ಕ್ರೌರ್ಯವನ್ನೋ, ಬಿಟ್ಟುಹೋದದ್ದನ್ನೋ ತೋರಿಸಬೇಕು. ಆ 1869ರಲ್ಲೇ ನಮ್ಮ ದೇಶದ ಕ್ರೈಸ್ತರಿಗೂ ಇದೇ ಲೆಕ್ಕದ ಕಾಯ್ದೆ ಬಂತು. ಆ ಲೆಕ್ಕ ಹೋದದ್ದು 2001ರ ತಿದ್ದುಪಡಿಯಲ್ಲಿ!

ನನಗೆ ನಿದ್ದೆ ಕೆಡಿಸಿದ್ದು ಗಂಡನೂ ಅಲ್ಲ, ಯುವರಾಜನೂ ಅಲ್ಲ. ಅವಳ ಅಪ್ಪ. ಮಗಳು ಸುಳ್ಳು ಹೇಳುತ್ತಿಲ್ಲ, ನಿಜವನ್ನೂ ಹೇಳುತ್ತಿಲ್ಲ, ಅವಳಿಗೆ ಹುಚ್ಚು ಅಂದುಬಿಟ್ಟ. ಜೂರಿ ಒಪ್ಪಿತು. ಅವಳಿಗೆ ನಿಜಕ್ಕೂ ತಲೆ ಕೆಟ್ಟಿತ್ತೋ ಏನೋ, ಆ ವಾದ ಇನ್ನೂ ಮುಗಿದಿಲ್ಲ. ಗಂಡನಿಗೆ 1875ರಲ್ಲಿ ವಿಚ್ಛೇದನ ಸಿಕ್ಕಿತು, ಇನ್ನೊಂದು ಮದುವೆಯೂ ಆಯಿತು. ಯುವರಾಜ ರಾಜನಾದ. ಅವಳು 1906ರಲ್ಲಿ ಸಾಯುವವರೆಗೂ ಕಾವಲಿನಲ್ಲೇ ಇದ್ದಳು.

ಅಪ್ಪ ದುಷ್ಟ ಅನಿಸುವುದಿಲ್ಲ ಕಣೋ. ಮನೆ ತುಂಬ ಹೆಣ್ಣುಮಕ್ಕಳು. ಕೆಟ್ಟವಳು ಅನ್ನುವುದಕ್ಕಿಂತ ಹುಚ್ಚಿ ಅನ್ನುವುದು ಮನೆಗೆ ಹಗುರ.

ನಮ್ಮಕ್ಕ ಗಂಡನನ್ನು ಬಿಟ್ಟು ಬಂದಳಲ್ಲ, ಅದೇ ವರ್ಷ ನೆಂಟರ ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ ಕೇಳಿದರು, ಯಾಕೆ ಬಂದಳು ಅಂತ. "ಅವಳಿಗೆ ಸ್ವಲ್ಪ ಹುಷಾರಿಲ್ಲ, ತಲೆಗೆ ಮಾತ್ರೆ ತಗೊಳ್ತಿದಾಳೆ" ಅಂದೆ. ಅವರು ತಲೆಯಾಡಿಸಿ ಪಾಯಸಕ್ಕೆ ದೊನ್ನೆ ಮುಂದೆ ಮಾಡಿದರು. ಮಾತು ಅಲ್ಲಿಗೆ ಮುಗಿಯಿತು. ಎಷ್ಟು ಸಲೀಸಾಗಿ ಮುಗಿಯಿತು ಅಂದರೆ, ಮುಂದಿನ ಎರಡು ಮದುವೆಗಳಲ್ಲೂ ಅದನ್ನೇ ಹೇಳಿದೆ. ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕೈಮೇಲಿನ ಗಾಯ ಬಿಟ್ಟು.

ಮೂರನೇ ಸಲ ಅವಳಿಗೆ ಕೇಳಿಸಿತು. ಅಲ್ಲಿ ಏನೂ ಅನ್ನಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಕೇಳಿದಳು: "ಯಾವ ಮಾತ್ರೆ ಅಂತ ಹೇಳಿದ್ದಿ? ಯಾರಾದ್ರೂ ಕೇಳಿದ್ರೆ ಇಬ್ಬರೂ ಒಂದೇ ಹೆಸರು ಹೇಳ್ಬೇಕಲ್ಲ."

ಇಷ್ಟೆಲ್ಲ ಬರೆಯಬೇಕು ಅಂತ ಕೂತವನಲ್ಲ ಮಾರಾಯ. ಯುವರಾಜನ ಬಗ್ಗೆ ಎರಡು ಜೋಕು ಹೊಡೆದು ಮುಗಿಸೋಣ ಅಂತಿದ್ದೆ. ನೀನು ಫೀಸು ಕೇಳುವ ಮುಂಚೆ ನಿಲ್ಲಿಸುತ್ತೇನೆ. ಅಕ್ಕನೂ ಇದನ್ನು ಓದುತ್ತಾಳೆ. ಛತ್ರಿ ಇನ್ನೊಂದು ವಾರ ನನ್ನ ಹತ್ತಿರವೇ ಇರಲಿ.

ನಿನ್ನ,
ಮೂರನೇ ಬೆಂಚು