ಬಂದ ಮೇಲ್ ಕೂತಲ್ಲೇ ಕೂರದಿರಲಿ

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಇನ್‌ಬಾಕ್ಸ್‌ನಲ್ಲಿ ನಾಲ್ಕು ಸಾವಿರ ಮೇಲ್ ಓದದೆ ಬಿದ್ದಿವೆ, ತೆರೆಯೋಕೇ ಭಯ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅದು ಮನಸ್ಸಿನಲ್ಲೇ ಉಳಿದಿದೆ. ಆಡಿದ ಮಾತು ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದೂ ಒಂದು ಕಾಲದಲ್ಲಿ ಇದೇ ಕಥೆ. ನಮ್ಮ ತಂಡದ ಹುಡುಗಿಯೊಬ್ಬಳು ತರಬೇತಿಗೆ ಹೋಗಲು ಒಪ್ಪಿಗೆ ಕೇಳಿ ಎರಡು ಸಾಲಿನ ಮೇಲ್ ಕಳಿಸಿದ್ದಳು. ಬೆಳಗ್ಗೆ ತೆರೆದೆ, ಮೀಟಿಂಗ್‌ಗೆ ಹೊತ್ತಾಯಿತು ಅಂತ ಮತ್ತೆ ‘ಅನ್‌ರೆಡ್’ ಮಾಡಿಟ್ಟೆ. ಸಂಜೆ ತೆರೆದೆ, ಹಾಗೇ ಮುಚ್ಚಿದೆ. ಮೂರನೆಯ ದಿನಕ್ಕೆ ಅದು ಎರಡನೆಯ ಪುಟಕ್ಕೆ ಜಾರಿತ್ತು. ಗಡುವು ಕಳೆದ ಮೇಲೆ ಅವಳೇ ನನ್ನ ಮೇಜಿನ ಹತ್ತಿರ ಬಂದು “ಪರವಾಗಿಲ್ಲ ಬಿಡಿ ಮೇಡಂ” ಅಂದಳು. “ಸರಿ, ಹೋಗಿ ಬಾ” ಅಂತ ಬರೆಯಲು ಅರ್ಧ ನಿಮಿಷ ಸಾಕಿತ್ತು. ಆ ಮೇಲನ್ನು ಸುಮ್ಮನೆ ತೆರೆದು ಮುಚ್ಚುವುದರಲ್ಲೇ ಅದಕ್ಕಿಂತ ಹೆಚ್ಚು ಹೊತ್ತು ಕಳೆದಿದ್ದೆ.

ಆಮೇಲೆ ಒಂದು ಪಟ್ಟು ಹಿಡಿದೆ: ಮೇಲ್ ತೆರೆದರೆ ಅದರ ಗತಿ ಏನೆಂದು ತೀರ್ಮಾನಿಸದೆ ಮುಚ್ಚುವುದಿಲ್ಲ. ಎರಡು ನಿಮಿಷದಲ್ಲಿ ಮುಗಿಯುವ ಕೆಲಸವಾದರೆ ಆಗಲೇ ಮುಗಿಸು ಅನ್ನುವ, ‘ಗೆಟಿಂಗ್ ಥಿಂಗ್ಸ್ ಡನ್’ ಪುಸ್ತಕ ಬರೆದ ಡೇವಿಡ್ ಅಲೆನ್ ಅವರ ಸೂತ್ರ ನನಗೆ ಬಹಳ ಕೈಹಿಡಿದಿದೆ. ಅದಕ್ಕಿಂತ ದೊಡ್ಡ ಕೆಲಸವಾದರೆ ಯಾವ ದಿನ, ಎಷ್ಟು ಹೊತ್ತಿಗೆ ಅಂತ ಕ್ಯಾಲೆಂಡರ್‌ನಲ್ಲಿ ಬರೆದುಕೊಂಡು, ಕಳಿಸಿದವರಿಗೆ “ಗುರುವಾರ ಕೊಡುತ್ತೇನೆ” ಅಂತ ಒಂದು ಸಾಲು ಹಾಕಿ, ಮೇಲನ್ನು ಆರ್ಕೈವ್ ಮಾಡು. ಮಾಡಬೇಕಾದ ಕೆಲಸಗಳ ಪಟ್ಟಿಯಾಗಿ ಇನ್‌ಬಾಕ್ಸನ್ನೇ ಬಳಸುವುದರಿಂದಲೇ ಈ ಗೋಳೆಲ್ಲ ಶುರುವಾಗುವುದು. ಅಲ್ಲಿ ಯಾವುದು ಮೇಲಿರಬೇಕು ಅನ್ನುವುದು ನಿನ್ನ ಕೈಯಲ್ಲಿಲ್ಲ, ಕೊನೆಗೆ ಬಂದದ್ದೇ ಮೇಲೆ ಕೂರುತ್ತದೆ.

ಆರ್ಕೈವ್ ಅಂದರೆ ಡಿಲೀಟ್ ಅಲ್ಲ, ಹೆದರಬೇಡ. ಮೇಲ್ ಕಣ್ಣೆದುರಿನಿಂದ ಸರಿಯುತ್ತದೆ ಅಷ್ಟೆ, ಹುಡುಕಿದರೆ ಸಿಗುತ್ತದೆ. ಜಿಮೇಲ್‌ನಲ್ಲಾದರೆ, ಯಾರಾದರೂ ಅದಕ್ಕೆ ಉತ್ತರ ಬರೆದ ಕೂಡಲೇ ಮತ್ತೆ ಇನ್‌ಬಾಕ್ಸ್‌ಗೆ ಬರುತ್ತದೆ. ಡಿಲೀಟ್ ಮಾಡುವಾಗ ಮಾತ್ರ ಎಚ್ಚರ. ಕಚೇರಿಯ ಮೇಲ್ ಕಚೇರಿಯ ದಾಖಲೆ, ಅಲ್ಲಿಯ ನಿಯಮ ಏನಿದೆ ಕೇಳಿಕೊಂಡು ಕೈ ಹಾಕು.

ಫೋಲ್ಡರ್‌ಗಳ ಗೀಳು ಬೇಡ. ನಾನು ನಲವತ್ತು ಫೋಲ್ಡರ್ ಮಾಡಿ, ಯಾವ ಮೇಲನ್ನು ಎಲ್ಲಿಟ್ಟೆ ಅಂತ ಹುಡುಕುವುದರಲ್ಲೇ ಹೊತ್ತು ಹಾಳುಮಾಡಿದ್ದೇನೆ. ಕಳಿಸಿದವರ ಹೆಸರು, ಸುಮಾರು ತಿಂಗಳು, ಅಟ್ಯಾಚ್‌ಮೆಂಟ್ ಇತ್ತೋ ಇಲ್ಲವೋ, ಇಷ್ಟು ನೆನಪಿದ್ದರೆ ಸರ್ಚ್‌ನಲ್ಲೇ ಸಿಕ್ಕಿಬಿಡುತ್ತದೆ. ಬೇರೆಯವರ ಉತ್ತರಕ್ಕೆ ನೀನು ಕಾಯುತ್ತಿರುವ ಮೇಲ್‌ಗಳಿಗೆ ಒಂದು ಫೋಲ್ಡರ್ ಇರಲಿ, ವಾರಕ್ಕೊಮ್ಮೆ ಅದನ್ನು ತಿರುವಿಹಾಕು. ಓದದ ಸುದ್ದಿಪತ್ರಗಳನ್ನೆಲ್ಲ ಅನ್‌ಸಬ್‌ಸ್ಕ್ರೈಬ್ ಮಾಡು. ತಂತಾನೇ ಬರುವ ಸೂಚನೆಗಳಿಗೆ ಫಿಲ್ಟರ್ ಹಾಕು. ಆದರೆ ನಿನ್ನನ್ನೇ ಉದ್ದೇಶಿಸಿ ಮನುಷ್ಯರು ಬರೆದ ಮೇಲ್‌ಗೆ ಯಾವತ್ತೂ ಫಿಲ್ಟರ್ ಹಾಕಬೇಡ.

ಪ್ರತಿ ಮೇಲ್‌ಗೂ ಟಿಂಗ್ ಅನ್ನುವ ನೋಟಿಫಿಕೇಶನ್ ನಿಲ್ಲಿಸು. ದಿನಕ್ಕೆ ಮೂರು ಸಲ ಕೂತು ನೋಡಿದರೆ ಬಹಳಷ್ಟು ಕೆಲಸಗಳಿಗೆ ಸಾಕು, ತುರ್ತಿದ್ದವರು ಫೋನ್ ಮಾಡುತ್ತಾರೆ. ಸಂಜೆಗೆ ನಾಲ್ಕೈದು ಉಳಿದರೆ ಕೊರಗಬೇಡ. ‘ಇನ್‌ಬಾಕ್ಸ್ ಝೀರೋ’ ಅನ್ನುವ ಮಾತನ್ನು ಬಳಕೆಗೆ ತಂದ ಮರ್ಲಿನ್ ಮನ್ 2007ರಲ್ಲಿ ಗೂಗಲ್‌ನಲ್ಲಿ ಅದರ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಅವರು ಹೇಳುವ ಸೊನ್ನೆ ಮೇಲ್‌ಗಳ ಲೆಕ್ಕವಲ್ಲ, ನಮ್ಮ ಮನಸ್ಸು ಎಷ್ಟರ ಮಟ್ಟಿಗೆ ಆ ಪೆಟ್ಟಿಗೆಯಲ್ಲೇ ಸಿಕ್ಕಿಕೊಂಡಿದೆ ಅನ್ನುವುದರ ಲೆಕ್ಕ.

ಇನ್ನು ಆ ನಾಲ್ಕು ಸಾವಿರ. ಒಂದೊಂದಾಗಿ ಓದಲು ಕೂರಬೇಡ. ತಿಂಗಳಿಗಿಂತ ಹಳೆಯದನ್ನೆಲ್ಲ ಸರ್ಚ್ ಮಾಡಿ ಒಟ್ಟಿಗೆ ಆರ್ಕೈವ್ ಮಾಡು. ಜಿಮೇಲ್ ಆದರೆ ಮೊದಲ ಸಲಕ್ಕೆ ಆ ಪುಟದಲ್ಲಿ ಕಾಣುವಷ್ಟಕ್ಕೇ ಗುರುತು ಬೀಳುತ್ತದೆ. ಪಟ್ಟಿಯ ಮೇಲ್ಗಡೆ ಎಲ್ಲವನ್ನೂ ಆರಿಸುವ ಸಣ್ಣ ಸಾಲು ಬರುತ್ತದೆ, ಅದನ್ನೂ ಒತ್ತು. ಸರಿಸುವ ಮೊದಲು ನಿನ್ನ ತಂಡದವರ ಒಬ್ಬೊಬ್ಬರ ಹೆಸರನ್ನೂ ಹಾಕಿ ಹುಡುಕಿ ನೋಡು ಮಗಾ. ಯಾರಾದರೂ ಇನ್ನೂ ನಿನ್ನ ಉತ್ತರಕ್ಕೆ ಕಾಯುತ್ತಿದ್ದರೆ, ಎಷ್ಟೇ ತಡವಾಗಿದ್ದರೂ ಇವತ್ತೇ ಬರೆ.

ಇಂತಿ,
ನಿನ್ನ ಅತ್ತೆ