ಎರಡನೇ ಭಾಗ ಬರೆಯುತ್ತಿರುವ ತಮ್ಮನಿಗೆ

ಮಡಿಕೇರಿ

ಪ್ರೀತಿಯ ತಮ್ಮನಿಗೆ,

ನಿನ್ನ ಕಾದಂಬರಿಯ ಎರಡನೇ ಭಾಗದ ಕರಡು ಓದಿ ಮುಗಿಸಿದೆ. ಬರವಣಿಗೆ ಮೊದಲಿಗಿಂತ ಹದವಾಗಿದೆ, ಖುಷಿಯಾಯಿತು. ಆದರೆ ಹೊಸ ನಕ್ಷತ್ರ, ಹೊಸ ಅನ್ಯಗ್ರಹ ಜೀವಿಗಳು, ದೊಡ್ಡ ಯುದ್ಧ, ಇದೆಲ್ಲ ಈಗ ಬೇಡ. ನಿನ್ನ ಕಥೆ ಇನ್ನೂ ಶನಿಯ ಚಂದ್ರ ಎನ್ಸೆಲಾಡಸ್ ಬಿಟ್ಟು ಹೊರಟಿಲ್ಲ.

ಮೊದಲ ಭಾಗದಲ್ಲಿ ನಿನ್ನ ಗಗನಯಾತ್ರಿಗಳು ಆ ಪುಟ್ಟ ಚಂದ್ರನ ಮಂಜುಗಡ್ಡೆ ಕೊರೆದರು, ಕೆಳಗಿನ ಸಮುದ್ರದಲ್ಲಿ ಜೀವ ಕಂಡರು, ವಾಪಸ್ ಬಂದರು. ಕೊರೆದ ತೂತು ಏನಾಯಿತು? ಯಂತ್ರದ ಜೊತೆ ನಮ್ಮ ಭೂಮಿಯ ಸೂಕ್ಷ್ಮಜೀವಿಗಳೂ ಒಳಗೆ ಹೋಗಿರಬಹುದು ಅಲ್ವಾ? ಶನಿಯನ್ನು ಸುತ್ತುತ್ತಿದ್ದ ಕ್ಯಾಸಿನಿ ನೌಕೆಯನ್ನು ನೆನಪು ಮಾಡಿಕೋ. ಎನ್ಸೆಲಾಡಸ್‌ನ ದಕ್ಷಿಣ ಧ್ರುವದಿಂದ ಚಿಮ್ಮುವ ನೀರಾವಿಯನ್ನು 2005ರಲ್ಲಿ ಕಂಡಿದ್ದು ಅದೇ. ಇಂಧನ ಮುಗಿಯುತ್ತಾ ಬಂದಾಗ, ಮುಂದೆಂದೋ ಅದು ಆ ಚಂದ್ರನಿಗೆ ಡಿಕ್ಕಿ ಹೊಡೆದು ನಮ್ಮ ಸೂಕ್ಷ್ಮಜೀವಿ ಅಲ್ಲಿ ಸೇರಬಾರದು ಅಂತ, 2017ರ ಸೆಪ್ಟೆಂಬರ್ 15ರಂದು ಅದನ್ನು ಶನಿಯ ವಾತಾವರಣಕ್ಕೇ ಬೀಳಿಸಿ ನಾಶಮಾಡಿದರು. ವಿಜ್ಞಾನಿಗಳು ಅಷ್ಟು ಎಚ್ಚರ ವಹಿಸಿದ ಜಾಗಕ್ಕೆ ನಿನ್ನವರು ನೇರವಾಗಿ ಡ್ರಿಲ್ ಇಳಿಸಿದ್ದಾರೆ! ಎರಡನೇ ಭಾಗ ಹುಟ್ಟಬೇಕಾದದ್ದು ಇಲ್ಲಿಂದ.

ನಿನ್ನ ನಾಯಕಿ ಸೋಮವಾರಪೇಟೆ ಕಡೆಯ ಕಾಫಿ ತೋಟದ ಹುಡುಗಿ. ಅದನ್ನು ಒಂದೇ ಸಾಲಿನಲ್ಲಿ ಹೇಳಿ ಬಿಟ್ಟಿದ್ದೀಯ. ಅಪ್ಪನ ಜೊತೆ ಅರೇಬಿಕಾ ಗಿಡಗಳ ನಡುವೆ ಬೋರರ್ ಹುಳ ಹುಡುಕಿಕೊಂಡು ಓಡಾಡಿದವಳು ಅವಳು. ಹುಳ ಕಣ್ಣಿಗೆ ಬೀಳುವುದಿಲ್ಲ, ಕಾಂಡದ ಒಳಗೇ ಕೊರೆಯುತ್ತಿರುತ್ತದೆ. ಹೊರಗೆ ತೊಗಟೆ ಅಲ್ಲಲ್ಲಿ ಉಬ್ಬಿರುತ್ತದೆ, ಎಲೆ ಹಳದಿಯಾಗಿರುತ್ತದೆ, ಅಷ್ಟೆ. ಸಿಕ್ಕ ಗಿಡವನ್ನು ಬುಡಸಮೇತ ಕಿತ್ತು ಸುಡಬೇಕು, ಇಲ್ಲದಿದ್ದರೆ ಅಕ್ಕಪಕ್ಕದವೂ ಹೋಗುತ್ತವೆ. ಇಂಥ ಕಣ್ಣಿರುವವಳು ಎನ್ಸೆಲಾಡಸ್‌ಗೆ ಮತ್ತೆ ಹೋದರೆ ಏನು ನೋಡುತ್ತಾಳೆ? ಆವಿಯ ಮಾದರಿಯಲ್ಲಿ ಒಂದು ಸಣ್ಣ ವ್ಯತ್ಯಾಸ ಕಂಡರೂ ಅವಳಿಗೆ ಸಾಕು. ಗಿಡವಾದರೆ ಕೀಳಬಹುದು. ಸಮುದ್ರವನ್ನು ಏನು ಮಾಡುತ್ತಾಳೆ? ಈ ಸಂಕಟವನ್ನು ಪುಟಗಟ್ಟಲೆ ಬರೆ, ಅವಸರ ಮಾಡಬೇಡ.

ಭೂಮಿಯ ಜೊತೆ ತಡವಿಲ್ಲದೆ ಮಾತಾಡಿಸುವ ನಿನ್ನ ಆ ಯಂತ್ರವನ್ನು ತೆಗೆದುಹಾಕು. ಶನಿಯಿಂದ ರೇಡಿಯೋ ಸಂಕೇತ ಭೂಮಿ ತಲುಪಲು ಒಂದು ಗಂಟೆಗೂ ಜಾಸ್ತಿ ಬೇಕು, ಉತ್ತರ ಬರಲು ಮತ್ತೆ ಅಷ್ಟೇ ಹೊತ್ತು. ಮೊದಲ ಭಾಗದಲ್ಲಿ ನೀನೇ ಪಾಲಿಸಿದ ನಿಯಮ ಅದು, ಓದುಗರು ಮರೆತಿರುವುದಿಲ್ಲ. ಅವಳು ಅಪ್ಪನನ್ನು ಕೇಳಲಿ. ಅಪ್ಪನ ಮಾತು ಬಂದು ತಲುಪುವ ಮೊದಲೇ ತೀರ್ಮಾನ ಮಾಡಬೇಕಾಗಿ ಬರಲಿ.

ಯುದ್ಧದ ಅಧ್ಯಾಯಗಳನ್ನು ಹರಿದು ಎಸೆಯಬೇಡ, ಬೇರೆ ಕಾದಂಬರಿಗೆ ಆಗುತ್ತವೆ. ಮಳೆ ಹಿಡಿಯುವ ಮೊದಲು ಆ ತೂತಿನ ಅಧ್ಯಾಯ ಬರೆದುಕೊಂಡು ಮನೆಗೆ ಬಾ, ಕೂತು ಓದೋಣ.

ನಿನ್ನ ಅಣ್ಣ